ಎರಡು ಮರಗಳ ನಡುವೆ ಎಲ್ಕಾನ ಮಾವ

ಎಲ್ಕಾನ ಮಾವ ಯಾವ ಸಾಲಿನಲ್ಲೂ ಮುಂದೆ ನಿಂತವನಲ್ಲ. ಗಿರಣಿಗೆ ಜೋಳ ಹೊತ್ತುಕೊಂಡು ಹೋದರೆ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ. ಅವನ ಹಿಂದೆ ಇನ್ನೊಬ್ಬರು ಬಂದು ನಿಂತರೆ ಮೆಲ್ಲಗೆ ಸಾಲಿನಿಂದ ಹೊರಬಂದು ಅವರ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದ. ಎಷ್ಟೋ ಶನಿವಾರ ಬೆಳಿಗ್ಗೆ ಹೋದವನು ಸಂಜೆ ಅದೇ ಚೀಲವನ್ನು ಹಾಗೆಯೇ ಹೊತ್ತು ಬಂದದ್ದುಂಟು.

"ಹಿಟ್ಟೆಲ್ಲಿ?" ಎಂದು ನನ್ನಮ್ಮ ಕೇಳುತ್ತಿದ್ದಳು.

"ಜನ ಬರ್ತಾನೇ ಇದ್ರು ಕೆಜಾಯ," ಎನ್ನುತ್ತಿದ್ದ.

ಅಮ್ಮ ಚೀಲ ಇಸಿದುಕೊಂಡು ಸೋಮವಾರ ತಾನೇ ಗಿರಣಿಗೆ ಹೋಗುತ್ತಿದ್ದಳು. ಚಿಕ್ಕವಳಾಗಿದ್ದಾಗ ನಾನು ಇದನ್ನು ಮಾವನ ಸೌಜನ್ಯ ಎಂದುಕೊಂಡಿದ್ದೆ. ಬೇರೆಯವರಿಗೆ ದಾರಿ ಬಿಡುವ ದೊಡ್ಡ ಮನಸ್ಸು ಎಂದು ಬೀಗಿದ್ದೂ ಇದೆ. ನಮ್ಮೂರು ಹಿಕರಿ ಹಳ್ಳದ ಬೇರೆಲ್ಲರಿಗೂ ನಿಜ ಗೊತ್ತಿತ್ತು. ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಅಷ್ಟೆ.

ಮಾವ ಕುರ್ಚಿ ಮಾಡುವವನು. ಹಸಿ ಮೇಪಲ್ ಮರದ ಕಾಲುಗಳಿಗೆ ಒಣಗಿದ ಹಿಕರಿ ಮರದ ಅಡ್ಡಕೋಲು ಬಡಿದು ಕೂರಿಸುತ್ತಿದ್ದ. ಕಾಲು ಒಣಗುತ್ತ ಒಣಗುತ್ತ ತಾನೇ ಬಿಗಿದು ಅಡ್ಡಕೋಲನ್ನು ಹಿಡಿದುಕೊಳ್ಳುತ್ತದೆ. ಮೊಳೆ ಬೇಡ, ಅಂಟು ಬೇಡ. ಉತ್ತರ ಕೆರೊಲಿನದ ಪಡುವಣ ಬೆಟ್ಟಗಳಲ್ಲಿ ನಮ್ಮ ಹಳ್ಳದ ಕುರ್ಚಿ ಅಲುಗಿತು ಎಂದು ಯಾರೂ ಹೇಳಿದ್ದಿಲ್ಲ. ಅವನಿಗೆ ಮದುವೆಯಾಗಿರಲಿಲ್ಲ. ತಂಗಿ ಕೆಜಾಯಳ ಮನೆಯ ಪಕ್ಕದ ಕೊಟ್ಟಿಗೆಯಲ್ಲೇ ಅವನ ಕೆಲಸ, ಅಲ್ಲೇ ನಿದ್ದೆ. ಆ ಕೆಜಾಯಳೇ ನನ್ನ ತಾಯಿ. ನನ್ನ ತಂದೆ ಮೈಕಜ, ಸದಾ ನಗುವ ಮನುಷ್ಯ. ಸತ್ತವರ ಮನೆಯಲ್ಲೂ ನಗು ತಡೆಯಲಾರದೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದನಂತೆ.

ಉತ್ತರದ ರಾಜ್ಯಗಳಿಗೂ ನಮ್ಮ ದಕ್ಷಿಣದ ರಾಜ್ಯಗಳಿಗೂ ಹತ್ತಿಕೊಂಡ ಯುದ್ಧದ ಮೊದಲ ಬೇಸಿಗೆಯಲ್ಲಿ ಮಾವ ನ್ಯಾಯಾಲಯದವರು ಮಾಡಿಕೊಡಲು ಹೇಳಿದ್ದ ಕುರ್ಚಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಪೇಟೆಗೆ ಹೋದ. ಅಂಗಳದಲ್ಲಿ ತಮಟೆ, ಬಾವುಟ, ಒಂದು ಮೇಜು. ಮೇಜಿನ ಹಿಂದೆ ರಾನ್ಸಮ್ ಲೆದರ್‌ವುಡ್. ಹೊಳೆದಂಡೆಯ ಒಳ್ಳೆಯ ಹೊಲಗಳೆಲ್ಲ ಅವನವು. ಆ ಹೊಲಗಳಲ್ಲಿ ದುಡಿಯುವ ಕಪ್ಪು ಜನರಿಗೂ ಅವನೇ ಒಡೆಯ. ಅವನು ಕಟ್ಟುತ್ತಿದ್ದ ದಳಕ್ಕೆ ಆಳು ಬೇಕಿತ್ತು, ಆಳುಗಳನ್ನು ಕೂರಿಸಲು ಕುರ್ಚಿಯೂ ಬೇಕಿತ್ತು. ಮಾವನ ಗಾಡಿ ಖಾಲಿಯಾಯಿತು. ಹೊಸ ಕುರ್ಚಿಗಳ ಮೇಲೆ ಯಾರು ಹೇಗೆ ಕೂರುತ್ತಾರೋ ಎಂದು ಕಾಯುತ್ತ ನಿಂತವನಿಗೆ ಮೊದಲ ಕುರ್ಚಿಯಲ್ಲೇ ಮೈಕಜ ಕಂಡ.

"ಏನಯ್ಯಾ ಇದು?"

"ಹನ್ನೆರಡೇ ತಿಂಗಳು ಭಾವ. ಮುಂದಿನ ವರ್ಷ ಜೋಳ ಬಿತ್ತೋ ಹೊತ್ಗೆ ಬಂದ್ಬಿಡ್ತೀನಿ. ಬೂಟು ಬೇರೆ ಕೊಡ್ತಾರಂತೆ."

"ಕೆಜಾಯಂಗೆ ಹೇಳಿದ್ಯಾ?"

"ಅದಕ್ಕೇ ನಿನ್ನ ದಾರಿ ಕಾಯ್ತಿದ್ದೆ. ನೀನೇ ಹೇಳ್ಬೇಕು."

ಮಾವ ಬಂದು ಹೇಳಿದ. ಅಮ್ಮ ಹಾಲು ಕರೆಯುತ್ತಿದ್ದಳು. ಕೆಚ್ಚಲಿನಿಂದ ಕೈ ತೆಗೆಯದೆ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: "ನೀನೂ ಹೋಗು ಅಣ್ಣ. ಕರ್ಕೊಂಡು ಹೋಗೋನು ಯಾವನಾದ್ರೂ ಆಗ್ಲಿ. ಕರ್ಕೊಂಡು ಬರೋನು ನೀನು."

"ಹೂಂ," ಎಂದ ಮಾವ.

ಇಡೀ ಯುದ್ಧದಲ್ಲಿ ಅವನು ತಿಳಿದು ಕೊಟ್ಟ ಮಾತು ಅದೊಂದೇ. ಮಿಕ್ಕವೆಲ್ಲ ಅವನ ಮೇಲೆ ಬಂದು ಬಿದ್ದವು.

ಹತ್ತು ಕಣಿವೆಗಳ ಹತ್ತು ದಳಗಳನ್ನು ಒಂದು ಹುಲ್ಲುಗಾವಲಿನಲ್ಲಿ ಸೇರಿಸಿ ರೆಜಿಮೆಂಟು ಎಂದು ಹೆಸರಿಟ್ಟರು. ಪ್ರತಿ ಕಣಿವೆಯವರಿಗೂ ಬೇರೆ ಕಣಿವೆಯವರು ಕಳ್ಳರು ಎಂಬ ನಂಬಿಕೆ. ನಮ್ಮಲ್ಲಿ ಹಂದಿಗಳನ್ನು ಕಾಡಿಗೆ ಬಿಟ್ಟು ಸಾಕುವುದು ವಾಡಿಕೆ. ಒಂದೊಂದು ಹಳ್ಳದವರಿಗೂ ಹಂದಿ ಕರೆಯುವ ಕೂಗು ಬೇರೆ. ಹಂದಿಗಳು ತಮ್ಮ ಹಳ್ಳದ ಕೂಗಿಗಷ್ಟೇ ಓಡಿಬರುತ್ತವೆ. ಮೊದಲ ಹೊಡೆದಾಟದಲ್ಲೇ ಹೊಗೆ ಕವಿದು ದಳಗಳೆಲ್ಲ ಚೆಲ್ಲಾಪಿಲ್ಲಿಯಾದವು. ಯಾರು ಎಲ್ಲಿ ಎಂದು ತಿಳಿಯದಿದ್ದಾಗ ಮೈಕಜ ಒಂದು ಬೇಲಿ ಹತ್ತಿ ನಿಂತು ನಮ್ಮ ಹಳ್ಳದ ಹಂದಿ ಕೂಗು ಹಾಕಿದ. ಹಿಕರಿ ಹಳ್ಳದವರೆಲ್ಲ ಹೊಗೆಯೊಳಗಿಂದ ನಗುತ್ತ ಓಡಿಬಂದರು. ಕರ್ನಲನಿಗೆ ಅವಮಾನವಾಯಿತು, ಆದರೆ ಆಮೇಲೆ ಬೇರೆ ದಳದವರೂ ಅದನ್ನೇ ಕಲಿತರು. ತುತ್ತೂರಿ ಊದಿದರೆ ಓಡುವುದೋ ನಿಲ್ಲುವುದೋ ಎಂದು ಮಾವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮೈಕಜನ ಕೂಗು ಮಾತ್ರ ಗೊತ್ತಾಗುತ್ತಿತ್ತು.

ಹನ್ನೆರಡು ತಿಂಗಳು ತುಂಬಿತು. ಚೀಲ ಕಟ್ಟಿಕೊಂಡು ಸಿದ್ಧರಾದ ಮೇಲೆ ಹೊಸ ಕಾನೂನು ಬಂತು.

"ಯುದ್ಧ ಮುಗಿಯೋವರ್ಗೂ ಇರ್ಬೇಕಂತೆ," ಎಂದ ಸಾರ್ಜೆಂಟ್ ಡೆಲೋಜಿಯರ್. ನಮ್ಮ ಹಳ್ಳದ ಮೇಲ್ತುದಿಯವನು, ಗಡ್ಡದ, ಗಟ್ಟಿ ಗಂಟಲಿನ ಮನುಷ್ಯ.

"ಹನ್ನೆರಡು ತಿಂಗಳು ಅಂತ ರುಜು ಹಾಕ್ಸಿಕೊಂಡ್ರಲ್ಲ?" ಎಂದ ಮೈಕಜ.

"ರುಜು ಹಾಕಿದ್ದು ನೀನು. ಕಾನೂನು ಮಾಡಿದ್ದು ಅವ್ರು."

"ಯುದ್ಧ ಯಾವಾಗ ಮುಗಿಯುತ್ತೆ?"

"ಅದೊಂದು ಕೇಳ್ಬೇಡ. ಬೇಕಾದ್ರೆ ಹೊಸ ಕ್ಯಾಪ್ಟನ್ ಆರಿಸ್ಕೊಳ್ಳಿ ಅಂದವ್ರೆ. ಅಳೋ ಮಗೂಗೆ ಗಿಲಕಿ."

ನಮ್ಮ ಕಡೆ ಆರಿಸುವುದು ಎಂದರೆ ಹೀಗೆ: ರಸ್ತೆ ಮೇಸ್ತ್ರಿಯಾಗಲಿ, ಇಗರ್ಜಿಯ ಹಿರಿಯನಾಗಲಿ, ನಿಲ್ಲುವವರು ಒಂದೊಂದು ಮರದ ಕೆಳಗೆ ನಿಲ್ಲಬೇಕು. ಒಪ್ಪಿದವರು ಅವರ ಬೆನ್ನ ಹಿಂದೆ ಸಾಲುಗಟ್ಟಬೇಕು. ಉದ್ದ ಸಾಲಿನವನು ಗೆದ್ದ. ಎಣಿಸಿ ಮುಗಿಯುವವರೆಗೂ ನಿಂತವನು ಹಿಂದಿರುಗಿ ನೋಡಬಾರದು. ನೋಡಿದರೆ ಯಾರು ಬರಲಿಲ್ಲ ಎಂದು ನೆನಪಿಟ್ಟುಕೊಂಡಂತೆ, ಅದು ಹಗೆಗೆ ದಾರಿ.

ಒಂದು ಬೀಚ್ ಮರದಡಿ ಲೆದರ್‌ವುಡ್ ನಿಂತ. ಇನ್ನೊಂದರ ಅಡಿ ಡೆಲೋಜಿಯರ್. ಲೆದರ್‌ವುಡ್ ಯಾರಿಗೂ ಬೇಡವಾಗಿದ್ದ. ಡೆಲೋಜಿಯರನ ಬೈಗುಳಕ್ಕೂ ಹೆದರಿಕೆಯಿತ್ತು. ಮಾವನ ಬೂಟಿನ ಅಟ್ಟೆ ಕಿತ್ತುಹೋಗಿತ್ತು. ಸ್ವಲ್ಪ ದೂರದಲ್ಲಿ ಮೂರನೆಯ ಮರಕ್ಕೆ ಒರಗಿ, ಬಗ್ಗಿ, ಹಿಕರಿ ನಾರಿನಿಂದ ಅದನ್ನು ಕಟ್ಟುತ್ತಿದ್ದ. ಕಟ್ಟಿ ಎದ್ದಾಗ ಹಿಂದೆ ಮೈಕಜ ನಿಂತಿದ್ದ. ಅವನ ಹಿಂದೆ ಮತ್ತೊಬ್ಬ, ಮತ್ತೊಬ್ಬ.

"ಏನು ಹಂಚ್ತಿದಾರೆ?" ಎಂದು ಮಾವ ಕೇಳಿದ.

"ಒಳ್ಳೇದೇ ಹಂಚ್ತಿದಾರೆ, ನಿಂತ್ಕೋ ಭಾವ," ಎಂದ ಮೈಕಜ.

ಜೋಳದ ಹಿಟ್ಟೋ ಉಪ್ಪು ಹಂದಿಮಾಂಸವೋ ಇರಬೇಕು, ತಾನು ತಡವಾಗಿ ಎದ್ದವನು, ಮುಂದೆ ನಿಲ್ಲುವುದು ನ್ಯಾಯವಲ್ಲ ಎಂದು ಮಾವ ಸಾಲಿನ ಉದ್ದಕ್ಕೂ ನಡೆದು ಕೊನೆಯಲ್ಲಿ ನಿಂತ. ಸಾಲಿಗೆ ಸಾಲೇ ಗಿರಕ್ಕನೆ ತಿರುಗಿತು. ಮಾವ ಮತ್ತೆ ಮುಂದೆ. ಗಾಬರಿಯಾಗಿ ಮತ್ತೆ ಆ ತುದಿಗೆ ಹೋದ. ಸಾಲು ಮತ್ತೆ ತಿರುಗಿತು. ಜನ ಬಿದ್ದು ಬಿದ್ದು ನಕ್ಕರು. ಹೀಗೆ ಕುರ್ಚಿ ಮಾಡುವ ಎಲ್ಕಾನ ಸ್ಟ್ಯಾಂಪರ್ ಕ್ಯಾಪ್ಟನ್ ಆದ.

ಲೆದರ್‌ವುಡ್ ಸಿಟ್ಟಾಗಿ ಕೆಲಸ ಬಿಟ್ಟು ಊರಿಗೆ ಹೋದ. ದುಡ್ಡಿರುವವರಿಗೆ ಹೋಗಲು ದಾರಿಗಳಿದ್ದವು. ಅಡುಗೆಗೆಂದು ಕರೆತಂದಿದ್ದ ತನ್ನ ಕಪ್ಪು ಗುಲಾಮ ಟೈಟಸ್‌ನನ್ನು ಮಾತ್ರ ರೆಜಿಮೆಂಟಿಗೆ ಬಾಡಿಗೆಗೆ ಬಿಟ್ಟ. ಬಾಡಿಗೆ ಲೆದರ್‌ವುಡ್‌ಗೆ, ಹೊಗೆ ಟೈಟಸ್‌ಗೆ. ಈ ಯುದ್ಧ ಯಾವುದಕ್ಕಾಗಿ ಎಂದು ನಮ್ಮ ಹಳ್ಳದವರು ದಿನವೂ ಕಾದಾಡುತ್ತಿದ್ದರು. ಒಬ್ಬ ಮನೆಗಾಗಿ ಎಂದರೆ ಇನ್ನೊಬ್ಬ ಮಾನಕ್ಕಾಗಿ ಎನ್ನುತ್ತಿದ್ದ. ಆ ಶಿಬಿರದಲ್ಲಿ ಅದರ ಬಗ್ಗೆ ಸಂದೇಹವೇ ಇಲ್ಲದವನು ಟೈಟಸ್ ಒಬ್ಬನೇ. ಅವನನ್ನು ಯಾರೂ ಕೇಳಲಿಲ್ಲ.

ಕ್ಯಾಪ್ಟನ್ ಆದ ಸಂಜೆ ಮಾವ ಮೈಕಜನನ್ನು ಪಕ್ಕಕ್ಕೆ ಕರೆದ.

"ಯಾಕಯ್ಯಾ ಹೀಗೆ ಮಾಡಿದ್ರಿ? ನಂಗೆ ಏನು ಬರುತ್ತೆ ಅಂತ?"

"ನಿಂಗೆ ಯುದ್ಧ ಬರಲ್ಲ ಅಂತ್ಲೇ ಆರಿಸಿದ್ದು. ಯುದ್ಧ ಬರೋನು ಯುದ್ಧಕ್ಕೆ ಕರ್ಕೊಂಡು ಹೋಗ್ತಾನೆ. ನೀನು ಮನೆಗೆ ಕರ್ಕೊಂಡು ಹೋಗ್ತೀಯ."

"ನಾನು ಹಾಗಂತ ಎಲ್ಲಿ ಹೇಳ್ದೆ?"

"ನನ್ನ ಹೆಂಡ್ತಿಗೆ ಹೇಳಿಲ್ವಾ?"

ಮಾವ ತಲೆ ಕೆರೆದುಕೊಂಡ. ಒಬ್ಬ ತಂಗಿಗೆ ಹೇಳಿದ್ದ "ಹೂಂ" ಇಡೀ ದಳಕ್ಕೆ ಹಬ್ಬಿಬಿಟ್ಟಿತ್ತು.

ಮುಂದಿನ ಎರಡು ವರ್ಷಗಳನ್ನು ಮಾವ ಎಂದೂ ಕ್ರಮವಾಗಿ ಹೇಳಿದ್ದಿಲ್ಲ. ಅವನಿಗೇ ಕ್ರಮ ಸಿಕ್ಕಿರಲಿಲ್ಲ. ನಡೆದ ದಾರಿಯಲ್ಲೇ ಹಿಂದಕ್ಕೆ ನಡೆದರು. ದಳವನ್ನು ಗುರುತಿಸುತ್ತಿದ್ದ ಅಕ್ಷರ ಬದಲಾಯಿತು. ಸತ್ತವರು ಹೆಚ್ಚಾಗಿ ಎರಡು ರೆಜಿಮೆಂಟುಗಳನ್ನು ಸೇರಿಸಿ ಒಂದು ಮಾಡಿದರು. ಒಂದು ವಾರ ಇಬ್ಬರು ಕರ್ನಲರು ಎರಡು ಬಗೆಯ ಆಜ್ಞೆ ಕೊಟ್ಟರು. ಒಮ್ಮೆ ಟೆನೆಸಿಯ ಕಾಡಿನಲ್ಲಿ ಮಂಜು ಮುಸುಕಿದಾಗ ಎದುರು ಪಕ್ಷದ ಒಂದು ಗುಂಪು ಡಿಕ್ಕಿ ಹೊಡೆಯಿತು. ಎರಡೂ ಕಡೆಯವರು ಒಟ್ಟಿಗೆ "ಶರಣಾಗಿ" ಎಂದರು. ಮಾತಿನ ಧಾಟಿ ಒಂದೇ. ವಿಚಾರಿಸಿದರೆ ಬೆಟ್ಟದ ಆಚೆ ಮಗ್ಗುಲಿನವರು. ಅವರಲ್ಲೊಬ್ಬ ಮಾವನ ಕುರ್ಚಿ ಕೊಂಡವನು.

"ಕಾಲು ಅಲುಗಿಲ್ಲ ತಾನೆ?" ಎಂದು ಮಾವ ಕೇಳಿದ.

"ಇಲ್ಲ ಕಣಪ್ಪ. ನನ್ನ ಅತ್ತೆ ಅದ್ರಲ್ಲೇ ಕೂತು ಸತ್ಲು, ಕುರ್ಚಿ ಮಿಸುಕಲಿಲ್ಲ," ಎಂದ ಆತ.

ಯಾರು ಯಾರನ್ನು ಸೆರೆ ಹಿಡಿದಿದ್ದಾರೆ ಎಂದು ತೀರ್ಮಾನವಾಗಲಿಲ್ಲ. ಸುಟ್ಟ ಚೆಸ್ಟ್‌ನಟ್ ಹಂಚಿಕೊಂಡು ತಿಂದು, ಮಂಜು ಹರಿಯುವ ಮೊದಲೇ ಎದ್ದು ತಮ್ಮ ತಮ್ಮ ದಾರಿ ಹಿಡಿದರು. ಮರುದಿನ ಅವರಿಗೇ ಗುಂಡು ಹೊಡೆಯಬೇಕಾಯಿತೇನೋ. ಮಾವನಿಗೆ ಅದೂ ಗೊತ್ತಿಲ್ಲ.

ಮೂರನೆಯ ಚಳಿಗಾಲದಲ್ಲಿ ದಳ ಫ್ರೆಂಚ್ ಬ್ರಾಡ್ ಎಂಬ ಹೊಳೆಯ ದಂಡೆಗೆ ಬಂತು. ಹೊಳೆಯ ಆಚೆ ಶತ್ರು, ಗುಲಾಮರಿಗೆ ಬಿಡುಗಡೆ ಎಂದು ಸಾರಿದ ಉತ್ತರದವರು. ಈಚೆ, ಬೆನ್ನ ಹಿಂದೆ, ನೀಲಿ ಬೆಟ್ಟದ ಸಾಲು. ಆ ಬೆಟ್ಟ ಹತ್ತಿ ಇಳಿದರೆ ಹಿಕರಿ ಹಳ್ಳ. ಗಾಳಿ ಅತ್ತಣಿಂದ ಬೀಸಿದಾಗ ಒಬ್ಬೊಬ್ಬರೂ ಮೂಗೆತ್ತಿ ತಮ್ಮ ತಮ್ಮ ಒಲೆಯ ಹೊಗೆ ಹುಡುಕುತ್ತಿದ್ದರಂತೆ. ಊರಿನಿಂದ ಬರುವ ಸುದ್ದಿ ಒಳ್ಳೆಯದಿರಲಿಲ್ಲ. ಎರಡೂ ಸೈನ್ಯದವರು ಸರದಿಯಂತೆ ಬಂದು ಹಂದಿಗಳನ್ನು ಹೊಡೆದೊಯ್ದಿದ್ದರು. ಹೆಂಗಸರು ನೊಗಕ್ಕೆ ಹಸು ಕಟ್ಟಿ ಉಳುತ್ತಿದ್ದರು. ನನ್ನಮ್ಮನೂ ಉಳುತ್ತಿದ್ದಳು, ಹಸುವಿನ ಮುಂದೆ ನಾನು ಹಗ್ಗ ಹಿಡಿದು ನಡೆದದ್ದು ನೆನಪಿದೆ.

"ಹೋಗೋಣ ಕ್ಯಾಪ್ಟನ್," ಎಂದ ಡೆಲೋಜಿಯರ್. "ಇನ್ನೇನು ಕಾಯೋದು? ಬೆಟ್ಟ ಕಾಣ್ತಾ ಐತೆ."

ಮಾವನಿಗೆ ಹೋಗುವ ಆಸೆ ಎಲ್ಲರಿಗಿಂತ ಹೆಚ್ಚಿತ್ತು. ಆದರೆ ಬೇರೊಂದು ದಳದಿಂದ ಮನೆಗೆ ಓಡಿದವನನ್ನು ಹಿಡಿದು ತಂದು ಗುಂಡಿಟ್ಟು ಕೊಂದದ್ದನ್ನು ಎಲ್ಲರೂ ಸಾಲಾಗಿ ನಿಂತು ನೋಡಿದ್ದರು. ನೋಡಲೇಬೇಕೆಂದು ಆಜ್ಞೆಯಾಗಿತ್ತು. ಹೋದರೆ ದಾರಿಯಲ್ಲಿ ಸಾವು, ಇದ್ದರೆ ಹೊಳೆಯಲ್ಲಿ ಸಾವು. ಇಡೀ ದಳ ಒಟ್ಟಿಗೆ ಹೋದರೆ ಹಿಡಿಯುವವರು ಯಾರು ಎಂದೂ ಅನಿಸುತ್ತಿತ್ತು. ಒಬ್ಬನೇ ತೀರ್ಮಾನಿಸಲು ಅವನಿಂದಾಗಲಿಲ್ಲ.

"ಮರದಡಿ ನಿಲ್ಲೋಣ," ಎಂದ. "ನೀವೇ ಹೇಳಿ."

ಮನೆಯ ಕಡೆಗೆ ಡೆಲೋಜಿಯರ್ ಒಂದು ಅಕ್ರೋಟು ಮರದ ಕೆಳಗೆ ನಿಂತ. ಉಳಿಯುವ ಕಡೆಗೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಎದುರಿಗೊಬ್ಬನಿಲ್ಲದೆ ಆರಿಸಿದರೆ ಅದು ಆರಿಸಿದ್ದಲ್ಲ, ನಮ್ಮ ಹಿರಿಯರ ಕಾಲದಿಂದ ಬಂದ ನಿಯಮ.

"ಸುಮ್ನೆ ಒಬ್ರು ನಿಲ್ರಯ್ಯಾ, ಕಂಬ ನಿಂತ ಹಾಗೆ," ಎಂದ ಮಾವ. ಎಲ್ಲರೂ ನೆಲ ನೋಡಿದರು. "ಹಾಗಾದ್ರೆ ನಾನೇ ಕಂಬ," ಎನ್ನುತ್ತ ಬಿಳಿ ತೊಗಟೆಯ ಸಿಕಮೋರ್ ಮರದಡಿ ಹೋಗಿ ಹೊಳೆಗೆ ಮುಖ ಮಾಡಿ ನಿಂತ.

ಹೋಗುವಾಗ ಒಲೆಯ ಬಳಿ ಟೈಟಸ್ ಸೌಟು ಹಿಡಿದು ನೋಡುತ್ತಿದ್ದ.

"ನೀನೇನು ನೋಡ್ತಿದೀಯ?" ಎಂದು ಮಾವ ಕೇಳಿದ.

"ನಂಗೆ ಯಾವ ಮರ ಅಂತ ಯಾರೂ ಹೇಳ್ಲಿಲ್ವಲ್ಲ ಕ್ಯಾಪ್ಟನ್. ಅದನ್ನೇ ನೋಡ್ತಿದೀನಿ," ಎಂದ ಟೈಟಸ್.

ಮಾವ ನಿಂತ. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಎಲ್ಲರೂ ಅಕ್ರೋಟಿನ ಕಡೆ ಹೋಗುತ್ತಿದ್ದಾರೆ, ಇನ್ನು ನಾಳೆ ಸಂಜೆ ಕೆಜಾಯಳ ಒಲೆಯ ಮುಂದೆ, ಎಂದು ಅವನ ಎದೆ ಹಗುರಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಸಪ್ಪಳ, ನಗು. ಕೊನೆಗೆ ಡೆಲೋಜಿಯರನ ದನಿ ತೀರ ಹತ್ತಿರದಲ್ಲಿ, ತನ್ನದೇ ಬೆನ್ನ ಹಿಂದೆ: "ತಿರುಗಿ ನೋಡು ಕ್ಯಾಪ್ಟನ್. ಎಣಿಸೋದು ಏನೂ ಉಳ್ದಿಲ್ಲ."

ಮಾವ ತಿರುಗಿದ. ಅಕ್ರೋಟು ಮರದ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಇಡೀ ದಳ ಅವನ ಹಿಂದೆ.

"ಇದು ಉಳ್ಕೊಳ್ಳೋ ಕಡೆ ಕಣ್ರೋ!" ಎಂದ.

"ಗೊತ್ತು ಭಾವ," ಎಂದ ಮೈಕಜ. "ನೀನಿರೋ ಕಡೆ."

ಮಾವ ಏನು ಮಾಡಬೇಕೆಂದು ತೋಚದೆ ಸಾಲಿನ ಉದ್ದಕ್ಕೂ ನಡೆದು ಕೊನೆಯಲ್ಲಿ ನಿಂತ. ಸಾಲು ತಿರುಗಿತು. ಮತ್ತೆ ಈ ತುದಿಗೆ ಬಂದ. ಮತ್ತೆ ತಿರುಗಿತು. ಈ ಸಲ ಯಾರೂ ನಗಲಿಲ್ಲ. ಅಷ್ಟರಲ್ಲಿ ಕರ್ನಲನ ಕುದುರೆ ಬಂತು. ಎಲ್ಲರೂ ಕ್ಯಾಪ್ಟನ್ ಹಿಂದೆ ನೆಟ್ಟಗೆ ನಿಂತದ್ದನ್ನು ಕಂಡು ಅವನಿಗೆ ಸಂತೋಷವಾಯಿತು. ನಾಳೆ ಬೆಳಿಗ್ಗೆ ಮೊದಲು ಹೊಳೆ ದಾಟುವುದು ಈ ದಳವೇ ಎಂದು ಹೇಳಿ ಹೋದ.

ಆ ಸಂಜೆ ಟೈಟಸ್ ನೀರಿಗೆಂದು ಬಿಂದಿಗೆ ಹಿಡಿದು ಹೊಳೆಗಿಳಿದ. ಮೊಣಕಾಲು, ಸೊಂಟ, ಎದೆ. ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಆಚೆ ದಂಡೆ ಹತ್ತಿದ. ಅಲ್ಲಿ ಅದನ್ನು ಒಂದು ಕಲ್ಲಿನ ಮೇಲೆ ನೆಟ್ಟಗಿಟ್ಟು ನಡೆದುಹೋದ. ಮಾವ ನೋಡುತ್ತಲೇ ಇದ್ದ. ಕೂಗಬೇಕೆಂದು ಹೊಳೆಯಲಿಲ್ಲವಂತೆ, ಅವನ ತಲೆಯಲ್ಲಿ ಇನ್ನೂ ಮರಗಳೇ ತುಂಬಿದ್ದವು.

ಮರುದಿನ ಮಂಜಿನಲ್ಲಿ ದಾಟಿದರು. ನಡುನೀರಿನಲ್ಲಿ ಗುಂಡಿನ ಸುರಿಮಳೆಯಾಗಿ ದಳ ಚೆದುರಿತು. ಮೈಕಜನ ಹಂದಿ ಕೂಗು ಎದ್ದಿತು. ಮಾವ ಅದನ್ನು ಹಿಡಿದು ಮಂಜಿನೊಳಗೆ ನಡೆದ. ಕೂಗು ಅರ್ಧಕ್ಕೆ ನಿಂತಿತು. ಯಾವ ಕಡೆಯಿಂದ ಬಂದಿತ್ತು ಎಂದು ಆಮೇಲೆ ಗೊತ್ತಾಗಲಿಲ್ಲ. ಎಲ್ಲರೂ ಹೊಳೆಯಲ್ಲಿ ಸುತ್ತುತ್ತ ಉಳಿದರು, ಕರೆಯುವವರಿಲ್ಲದೆ.

ಯುದ್ಧ ಮುಗಿದ ವಸಂತದಲ್ಲಿ ಅಳಿದುಳಿದವರು ಬೆಟ್ಟ ಇಳಿದು ಬಂದರು. ಹಳ್ಳದ ಬಾಯಿಗೆ ಬಂದಾಗ ಮಾವ ದಾರಿ ಬಿಟ್ಟು ನಿಂತು ಎಲ್ಲರನ್ನೂ ಮುಂದೆ ಕಳಿಸಿದ. ತಾನು ಕೊನೆಗೆ ನಮ್ಮ ಮನೆಗೆ ಬಂದ. ಅಮ್ಮ ಅಂಗಳದಲ್ಲಿ ಬಟ್ಟೆ ಕುದಿಸುತ್ತಿದ್ದಳು. ಗಂಡ ಸತ್ತ ಸುದ್ದಿ ಅವಳಿಗೆ ವರ್ಷದ ಹಿಂದೆಯೇ ಮುಟ್ಟಿತ್ತು. ಮರದಡಿ ನಿಂತ ಸುದ್ದಿಯೂ ಅರೆಬರೆ ಮುಟ್ಟಿತ್ತು. ಮಾವ ಎಲ್ಲವನ್ನೂ ಹೇಳಿದ, ಬೂಟು ಕಟ್ಟಿದ್ದರಿಂದ ಹಿಡಿದು. ಅಮ್ಮ ಕೋಲಿನಿಂದ ಬಟ್ಟೆ ತಿರುವುತ್ತ ಕೇಳಿದಳು.

"ಆ ತುದೀಗೆ ಹೋದೆ, ಈ ತುದೀಗೆ ಬಂದೆ ಅಂದ್ಯಲ್ಲ," ಎಂದಳು ಕೊನೆಗೆ. "ಆ ಇನ್ನೊಂದು ಮರದ ಕೆಳಗೆ ನಡ್ಕೊಂಡು ಹೋಗಿದ್ರೆ? ಎಲ್ಲಾ ನಿನ್ನ ಹಿಂದೆ ಬರ್ತಿದ್ರಲ್ಲ?"

ನಾನು ಅಮ್ಮನ ಲಂಗದ ತುದಿ ಹಿಡಿದು ನಿಂತಿದ್ದೆ. ಮಾವನ ಆಗಿನ ಮುಖ ಮರೆತಿಲ್ಲ.

"ಹೊಳೀಲಿಲ್ಲ ಕೆಜಾಯ," ಎಂದ.

ಅಷ್ಟೊಂದು ಹಗಲು ರಾತ್ರಿ ಆ ಮರಗಳನ್ನೇ ನೆನೆಯುತ್ತ ಬಂದವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಟೈಟಸ್‌ನನ್ನು ಕೂಗುವುದೂ ಹೊಳೆದಿರಲಿಲ್ಲ. ಅವನಿಗೆ ಹೊಳೆಯದೆ ಹೋದದ್ದರಲ್ಲಿ ಒಳ್ಳೆಯದಾದದ್ದು ಅದೊಂದೇ.

ಅಮ್ಮ ಅವನನ್ನು ಹೊರಗೆ ಹಾಕಲಿಲ್ಲ. ಕೊಟ್ಟಿಗೆ ಗುಡಿಸಿಕೊಟ್ಟಳು. ಜೋಳದ ರೊಟ್ಟಿ, ಹುರುಳಿ ಬೇಯಿಸಿದ್ದು, ಏನಿದ್ದರೂ ಒಂದು ತಟ್ಟೆ ಕೊಟ್ಟಿಗೆಯ ಬಾಗಿಲಲ್ಲಿಟ್ಟು ಬರುತ್ತಿದ್ದಳು. ಊಟಕ್ಕೆ ಬಾ ಎಂದು ಕರೆಯಲಿಲ್ಲ. ಅಣ್ಣ ಎನ್ನುವುದನ್ನು ನಿಲ್ಲಿಸಿದಳು. ಮಾವ ಮೈಕಜನ ಜಾಗಕ್ಕೆಂದು ಒಂದು ಕುರ್ಚಿ ಮಾಡಿ ತಂದು ಜಗಲಿಯ ಮೇಲಿಟ್ಟ. ಅದರಲ್ಲಿ ಅವಳು ಕೂರಲೂ ಇಲ್ಲ, ಅದನ್ನು ಒಳಗೆ ಒಯ್ಯಲೂ ಇಲ್ಲ. ಬೆಕ್ಕು ಮಲಗುತ್ತಿತ್ತು.

ನಾನು ದೊಡ್ಡವಳಾಗುತ್ತಿದ್ದಂತೆ ಮಾವನಿಗೊಂದು ಅಭ್ಯಾಸ ಬೆಳೆಯಿತು. ನಮ್ಮ ಅಂಗಳದ ಈ ಮೂಲೆಯಲ್ಲಿ ಸೇಬಿನ ಮರ, ಆ ಮೂಲೆಯಲ್ಲಿ ಅಕ್ರೋಟು. ಕೆಲಸ ಮುಗಿದ ಮೇಲೆ ಸೇಬಿನ ಮರದಡಿ ನಿಲ್ಲುತ್ತಿದ್ದ. ಅಕ್ರೋಟಿನ ಕಡೆಗೆ ಹೊರಡುತ್ತಿದ್ದ. ನಡುವೆ ನಿಂತು ಹಿಂದೆ ನೋಡಿ, ಮತ್ತೆ ಸೇಬಿನ ಮರಕ್ಕೆ ಮರಳುತ್ತಿದ್ದ. ಏನು ಮಾವ ಎಂದರೆ, "ನೋಡ್ತಿದೀನಿ ರೋಡಾ, ಹೋಗೋಕಾಗುತ್ತಾ ಅಂತ," ಎನ್ನುತ್ತಿದ್ದ. ಅಮ್ಮ ಜಗಲಿಯಿಂದ ನೋಡಿ ಒಳಗೆ ಹೋಗುತ್ತಿದ್ದಳು.

ಕಪ್ಪು ಗಂಡಸರಿಗೂ ಮತ ಹಾಕುವ ಹಕ್ಕು ಬಂದ ವರ್ಷ ನ್ಯಾಯಾಲಯದ ಅಂಗಳದಲ್ಲಿ ಪೆಟ್ಟಿಗೆ ಇಟ್ಟರು. ಇನ್ನು ಮರದಡಿ ನಿಲ್ಲುವಂತಿಲ್ಲ, ಚೀಟಿ ಹಾಕಬೇಕು. ಡೆಲೋಜಿಯರ್ ಒತ್ತಾಯದಿಂದ ಮಾವನನ್ನು ಗಾಡಿ ಹತ್ತಿಸಿದ. ಮೊಟ್ಟೆ ಮಾರಲು ಅಮ್ಮ, ಜೊತೆಗೆ ನಾನು. ಮಾವ ಸಾಲಿನ ಕೊನೆಯಲ್ಲಿ ನಿಂತ. ಹಿಂದೆ ಯಾರೋ ಬಂದರು. ಎಂದಿನಂತೆ ಹೊರಬಂದು ಅವರ ಹಿಂದೆ ಹೋಗಲು ನೋಡಿದ. ಆ ಮನುಷ್ಯ ತೋಳು ಹಿಡಿದ. ಟೈಟಸ್. ಒಳ್ಳೆಯ ಕೋಟು ಹಾಕಿದ್ದ, ಗಡ್ಡ ನರೆತಿತ್ತು. ಹೊಳೆಯ ಕೆಳಗಡೆ ಸ್ವಂತ ಹೊಲ ಮಾಡಿಕೊಂಡಿದ್ದಾನೆ ಎಂದು ಕೇಳಿದ್ದೆವು.

"ಎಲ್ಲಿಗೆ ಸ್ಟ್ಯಾಂಪರ್ ಅವ್ರೇ?" ಎಂದ. ಕ್ಯಾಪ್ಟನ್ ಎನ್ನಲಿಲ್ಲ.

"ಹಿಂದಕ್ಕೆ. ನನ್ನ ಹಿಂದೆ ನಿಲ್ಬೇಡಪ್ಪ ನೀನು."

"ನಿಮ್ಮ ಹಿಂದೆ ಯಾರು ನಿಂತಿರೋದು? ನಾನು ಪೆಟ್ಟಿಗೆ ಮುಂದೆ ನಿಂತಿರೋದು. ನಡುವೆ ನೀವಿದೀರ, ಅಷ್ಟೆ. ನಡೀರಿ, ಬಿಸಿಲೇರ್ತಾ ಐತೆ."

ಮಾವ ಮುಂದಕ್ಕೆ ತಿರುಗಿ ನಿಂತ. ಅರ್ಥವಾಯಿತೋ ಇಲ್ಲವೋ, ಅಂದು ಸಾಲು ಬಿಡಲಿಲ್ಲ.

ಮರಳುವ ದಾರಿಯಲ್ಲಿ ಅವನು ಗಾಡಿಯ ಹಿಂಬದಿಯಲ್ಲಿ ನಿದ್ದೆ ಹೋದ. ಗಾಡಿ ಹೊಡೆಯುತ್ತಿದ್ದ ಡೆಲೋಜಿಯರ್ ಇದ್ದಕ್ಕಿದ್ದಂತೆ ಅಮ್ಮನಿಗೆ ಹೇಳಿದ: "ನಾವೆಲ್ಲಾ ಮೊದ್ಲು ನನ್ನ ಮರದ ಕೆಳಗೇ ಇದ್ವಿ ಕಣಮ್ಮ. ನಿನಗ್ಯಾರೂ ಹೇಳಿಲ್ಲ ಅಂತ ಕಾಣುತ್ತೆ."

ಅಮ್ಮ ಅವನ ಕಡೆ ತಿರುಗಿದಳು.

"ಇಡೀ ದಳ ನನ್ನ ಹಿಂದೆ ಬಂದಿತ್ತು. ಮನೆ ಕಡೆಗೆ. ನಾನು ತಿರುಗಿ ನೋಡೋಹಾಗಿಲ್ಲವಲ್ಲ, ಮಾತಷ್ಟೇ ಕೇಳ್ತಿತ್ತು. ನಿನ್ನ ಗಂಡ ಅಂದ, 'ಅಯ್ಯೋ ನೋಡ್ರೋ, ಭಾವ ಒಬ್ನೇ ನಿಂತವ್ನೆ, ಪಾಪ.' ನಗ್ತಾನೇ ಅಂದ. 'ತಡೀರಿ, ಜೊತೆಗೆ ಒಂದು ಗಳಿಗೆ ನಿಂತು ಬರ್ತೀನಿ' ಅಂತ ಹೋದ. ಅವ್ನು ಹೋದ ಅಂತ ಇನ್ನೊಬ್ಬ. ಎಲ್ಲಾ ತಮಾಷೆ ಅಂದ್ಕೊಂಡೇ ಹೋದ್ರು. ಕೊನೆಗೆ ನಾನೊಬ್ನೇ 'ಪಾಪ' ಆಗ್ಬಿಟ್ಟೆ. ನಾನೂ ಹೋದೆ."

"ಇವನಿಗೆ ಹೇಳಿದೀಯಾ?" ಎಂದು ಅಮ್ಮ ಹಿಂದೆ ಕೈ ತೋರಿಸಿದಳು.

"ಹೇಗಮ್ಮ ಹೇಳ್ಲಿ? ನಿನ್ನ ಕಂಡು ಮರುಗಿದ್ದಕ್ಕೆ ಸತ್ರು ಅಂತ್ಲಾ?"

ಅಮ್ಮ ದಾರಿಯುದ್ದಕ್ಕೂ ಮೊಟ್ಟೆಯ ಖಾಲಿ ಬುಟ್ಟಿಯನ್ನು ಎದೆಗವಚಿಕೊಂಡು ಕುಳಿತಿದ್ದಳು. ಒಮ್ಮೆ ನಕ್ಕ ಹಾಗೆ ಆಯಿತು. ನೋಡಿದರೆ ಕಣ್ಣು ತುಂಬಿತ್ತು. "ಹಿತ್ತಿಲಿಗೆ ಹೋಗಿ ನಗೋ ಪ್ರಾಣಿ," ಎಂದಳು, ಯಾರಿಗೋ ಎಂಬಂತೆ.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಮ್ಮ ಒಲೆ ಹಚ್ಚಿದಳು. ಮಾವ ಎಂದಿನಂತೆ ಸೇಬಿನ ಮರದಡಿ ಹೋಗಿ ನಿಂತ. ಅಕ್ರೋಟಿನ ಕಡೆಗೆ ಹೊರಟ, ನಡುವೆ ನಿಂತ, ಮರಳಿದ. ಎರಡನೆಯ ಸಲ ಹೊರಡುವ ಮೊದಲು ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಂಗಳ ದಾಟಿ ನೇರವಾಗಿ ಅಕ್ರೋಟು ಮರದಡಿ ಹೋಗಿ, ಅವನ ಕಡೆಗೆ ಮುಖ ಮಾಡಿ ನಿಂತಳು.

"ಅಣ್ಣ, ಬಾ," ಎಂದಳು.

ಮಾವ ಸುತ್ತ ನೋಡಿದ. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ. ನಾನಿದ್ದೆ, ಕೈಸನ್ನೆ ಮಾಡಿ ನನ್ನನ್ನು ಪಕ್ಕಕ್ಕೆ ಕಳಿಸಿದ. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ಹೊಳೆಯಲ್ಲಿ ಆಳ ನೋಡಿಕೊಂಡು ನಡೆಯುವವನ ಹಾಗೆ, ಅಂಗಳ ದಾಟಿದ. ಅವಳ ಎದುರು ನಿಂತ ಮೇಲೂ ಅವನ ಮುಖದ ಗಲಿಬಿಲಿ ಹೋಗಲಿಲ್ಲ.

"ಇದು ಯಾವ ಕಡೆ ಕೆಜಾಯ?" ಎಂದು ಕೇಳಿದ.

"ಊಟದ ಕಡೆ," ಎಂದಳು ಅಮ್ಮ. "ಆ ಕುರ್ಚಿ ಒಳಗೆ ತಗೊಂಡ್ಬಾ. ಬೆಕ್ಕನ್ನ ಮೊದ್ಲು ಏಳ್ಸು."